ಅಣ್ಣಿಗೇರಿಯ ಜನರಿಗೆ ಒಂದು ಬಹಿರಂಗ ಪತ್ರ: ನಮ್ಮೂರ ಕಥೆಯನ್ನು ಹೊಲದಿಂದ ಶುರು ಮಾಡೋಣ

ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ಹಿರಿಯರಿಗೆ, ರೈತ ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ, ಶಾಲೆಯ ಮಾಸ್ತರರಿಗೆ ಮತ್ತು ಅಕ್ಕೋರುಗಳಿಗೆ, ಆರಿಸಿ ಬಂದು ಊರಿನ ಹೊಣೆ ಹೊತ್ತವರಿಗೆ,

ಶರಣು.

ಈ ಪತ್ರ ಬರೆಯಬೇಕು ಅನ್ನಿಸಿದ್ದು ನನ್ನ ಮೊಮ್ಮಗ ಕೇಳಿದ ಒಂದು ಪ್ರಶ್ನೆಯಿಂದ. ಶ್ರಾವಣದ ಒಂದು ಸೋಮವಾರ ಅವನನ್ನು ಕರೆದುಕೊಂಡು ಅಮೃತೇಶ್ವರ ಗುಡಿಗೆ ಹೋಗಿದ್ದೆ. ಕಾಯಿ ಒಡೆಸಿಕೊಂಡು ಬಂದು ಮಂಟಪದಲ್ಲಿ ಕೂತೆವು. ಹುಡುಗ ಎದ್ದು ಹೋಗಿ ಒಂದು ಕಂಬಕ್ಕೆ ಅಂಗೈ ಹಚ್ಚಿ ನಿಂತ. ಕರಿಕಲ್ಲಿನ ಕಂಬ. ಬಳೆ ಒಂದರ ಮೇಲೊಂದು ಜೋಡಿಸಿದ ಹಾಗೆ ಸುತ್ತಲೂ ಗೆರೆ. ಸಾವಿರ ವರ್ಷ ಜನ ಕೈಯಾಡಿಸಿ ಕೆಲವು ಕಡೆ ಕನ್ನಡಿ ಥರ ನುಣುಪಾಗಿದೆ. ಅವನ ಬೆರಳು ಆ ಗೆರೆಗಳ ಒಳಗೆ ಒಂದು ಸುತ್ತು ಹಾಕಿ ಬಂತು. ಆಮೇಲೆ ನನ್ನ ಕಡೆ ತಿರುಗಿ ಕೇಳಿದ: “ಅಜ್ಜಾ, ನಮ್ಮ ಹೊಲದಾಗ ಹಕ್ಕಿ ಹೊಡಿಯಾಕ ಒಂದು ಕಲ್ಲ ಸಿಗೂದಿಲ್ಲ. ಇಷ್ಟು ಕಲ್ಲ ಎಲ್ಲಿಂದ ತಂದ್ರು?”

ಮೂವತ್ತು ವರ್ಷ ಮಾಸ್ತರಿಕೆ ಮಾಡಿದವನು ನಾನು. ಗುಡಿ ಕಟ್ಟಿದ ಕಾಲ ಹೇಳಬಲ್ಲೆ. ಕಲ್ಯಾಣದ ಚಾಲುಕ್ಯರು, ಸುಮಾರು 1050ನೇ ಇಸವಿ, 76 ಕಂಬ. ಆದರೆ ಅವನು ಕೇಳಿದ್ದಕ್ಕೆ ಆವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. ಮಕ್ಕಳಿಗೆ ಇತಿಹಾಸ ಕಲಿಸಿದೆ, ಭೂಗೋಳವನ್ನೂ ಕಲಿಸಿದೆ. ಎರಡನ್ನೂ ಒಂದು ದಿನವೂ ಕೂಡಿಸಿ ಹೇಳಿರಲಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ. ನಮ್ಮೂರಿನ ಬಗ್ಗೆ ನಾವು ಹೇಳಿಕೊಳ್ಳುವ ಕಥೆಯಲ್ಲೇ ಏನೋ ಒಂದು ಬಿಟ್ಟುಹೋಗಿದೆ ಅನ್ನಿಸಿತು. ಅದನ್ನೇ ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ಹುಡುಗನ ಪ್ರಶ್ನೆಗೆ ಉತ್ತರ. ಅದು ಬಳಪದ ಕಲ್ಲು. ನೆಲದಿಂದ ತೆಗೆದ ಹೊಸದರಲ್ಲಿ ಮೆತ್ತಗಿರುತ್ತದೆ, ಉಳಿ ಹೇಳಿದ ಹಾಗೆ ಕೇಳುತ್ತದೆ. ಗಾಳಿ, ಬಿಸಿಲು ತಾಗಿದ ಮೇಲೆ ಗಟ್ಟಿಯಾಗುತ್ತದೆ. ಹಾವೇರಿ, ಸವಣೂರು, ಬ್ಯಾಡಗಿ, ಹಾನಗಲ್ಲ ಕಡೆ ಈ ಕಲ್ಲು ಧಾರಾಳವಾಗಿದೆ. ನಮ್ಮಲ್ಲಿ ಇಲ್ಲ. ನಮ್ಮದು ಯರಿ ನೆಲ. ಕಣ್ಣು ಹರಿಯುವಷ್ಟು ದೂರ ಚಪ್ಪಟೆ ಬಯಲು, ನೆಲ ಅಗೆದರೆ ಆಳದವರೆಗೂ ಕರಿಮಣ್ಣು. ಮಳೆ ಬಿದ್ದಾಗ ಈ ಮಣ್ಣಿನಲ್ಲಿ ಬಂಡಿ ಅಚ್ಚಿನವರೆಗೂ ಹೂತುಹೋಗುತ್ತದೆ ಅನ್ನುವುದು ನಿಮಗೆ ನಾನು ಹೇಳಬೇಕಾಗಿಲ್ಲ. ಹಾಗಾದರೆ ಇಂಥ ಗುಡಿಯ ಕಲ್ಲನ್ನೆಲ್ಲ ಬೇರೆ ಸೀಮೆಯಿಂದ, ಬಹುಶಃ ಬೇಸಿಗೆಯ ಒಣ ದಾರಿಯಲ್ಲೇ, ಎತ್ತು ಕಟ್ಟಿ ಎಳೆದು ತಂದಿರಬೇಕು.

ಇಷ್ಟು ಕಷ್ಟಪಟ್ಟು ಇಲ್ಲಿಗೇ ಯಾಕೆ ತಂದರು? ನಮ್ಮೂರಿಗೆ ಬೆಟ್ಟ ಇಲ್ಲ, ಕೋಟೆಗೆ ಗುಡ್ಡ ಇಲ್ಲ, ದೊಡ್ಡ ಹೊಳೆ ಇಲ್ಲ. ಸಾಮಾನ್ಯವಾಗಿ ರಾಜಧಾನಿ ಕಟ್ಟುವವರು ಹುಡುಕುವ ಯಾವುದೂ ಇಲ್ಲ. ಆದರೂ ಅಣ್ಣಿಗೇರಿ ಬೆಳ್ವೊಲ ಮುನ್ನೂರು ಎಂಬ ಆಗಿನ ನಾಡಿನ ರಾಜಧಾನಿಯಾಗಿತ್ತು. ಉತ್ತರ ಆ ಹೆಸರಲ್ಲೇ ಇದೆ. ಬೆಳ್ವೊಲ ಅಂದರೆ ಬೆಳೆ ನಿಂತ ಹೊಲ ಎಂದು ಶಾಸನ ಓದಿದ ಪಂಡಿತರು ಅರ್ಥ ಬಿಡಿಸಿದ್ದಾರೆ. ಒಂದು ನಾಡಿಗೆ ಅರಸನ ಹೆಸರನ್ನೋ ದೇವರ ಹೆಸರನ್ನೋ ಇಡದೆ ಬೆಳೆಯ ಹೆಸರಿಟ್ಟರು. ಇನ್ನು ನಮ್ಮೂರಿನ ಹೆಸರು. ಶಾಸನಗಳಲ್ಲಿ ಅದು ಅಣ್ಣಿಗೆರೆ. ಪುಲಿಗೆರೆ ಅನ್ನುತ್ತಾರಲ್ಲ, ಈಗಿನ ಲಕ್ಷ್ಮೇಶ್ವರಕ್ಕೆ, ಅದೇ ಥರ. ಎರಡರ ಕೊನೆಯಲ್ಲೂ ಇರುವುದು ಕೆರೆ. ನಾಡಿನ ಹೆಸರು ಹೊಲ, ಊರಿನ ಹೆಸರು ಕೆರೆ. ನಮ್ಮ ಇತಿಹಾಸದ ಮೊದಲ ಪಾಠ ಇದೇ ಆಗಬೇಕಿತ್ತು ಅಲ್ವಾ?

ನನ್ನ ದೂರು ಇಲ್ಲಿಂದ ಶುರು. ನಾವು ಊರನ್ನು ಎರಡು ತುಂಡು ಮಾಡಿಟ್ಟಿದ್ದೇವೆ. ಒಂದು ಕಡೆ ಗುಡಿ, ಪಂಪ, ಚಾಲುಕ್ಯರು. ಇದು ಭಾಷಣಕ್ಕೆ, ಮೆರವಣಿಗೆಗೆ, ಕಮಾನಿಗೆ. ಇನ್ನೊಂದು ಕಡೆ ಮೆಣಸಿನಕಾಯಿ, ಹತ್ತಿ, ಕಡಲೆ, ಮಳೆ, ಸಾಲ. ಇದು ದಿನನಿತ್ಯದ ಸಂಕಟಕ್ಕೆ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇ ಇಲ್ಲ ಅನ್ನುವ ಹಾಗೆ ಬದುಕುತ್ತಿದ್ದೇವೆ. ಮಕ್ಕಳೂ ಹಾಗೇ ಕಲಿಯುತ್ತಿದ್ದಾರೆ. ಹೊಲದಲ್ಲಿ ದುಡಿಯುವವನ ಮಗ ಇತಿಹಾಸ ಅಂದರೆ ತನ್ನದಲ್ಲ, ರಾಜರದು ಅಂದುಕೊಂಡಿದ್ದಾನೆ. ಈ ಬೇಸರ ನನಗೆ ಬಹಳ ದಿನದಿಂದ ಇದೆ. ಅದರಲ್ಲಿ ನನ್ನ ತಪ್ಪೂ ಇದೆ.

ಇತಿಹಾಸವನ್ನು ಸ್ವಲ್ಪ ಹೊಲದ ಬದುವಿನ ಮೇಲೆ ನಿಂತು ನೋಡೋಣ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಒಂದು ಶಾಸನ ಸಿಕ್ಕಿದೆ, ಸುಮಾರು 949-50ನೇ ಇಸವಿಯದು. ಕಾಳಿ ಎಂಬ ನಾಯಿ ಹಂದಿಯ ಜೊತೆ ಹೋರಾಡಿ ಸತ್ತದ್ದಕ್ಕೆ ನಿಲ್ಲಿಸಿದ ಕಲ್ಲು ಎಂದು ಅದನ್ನು ಎಲ್ಲರೂ ಬಲ್ಲರು. ಅದೇ ಕಲ್ಲಿನಲ್ಲಿ ನಮ್ಮ ಸೀಮೆಯ ಸುದ್ದಿಯೂ ಇದೆ. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಗಂಗರ ಬೂತುಗನಿಗೆ ರಾಷ್ಟ್ರಕೂಟ ಮೂರನೇ ಕೃಷ್ಣ ಮೆಚ್ಚಿ ಕೊಟ್ಟ ನಾಡುಗಳ ಪಟ್ಟಿ ಅಲ್ಲಿದೆ. ಬನವಾಸಿ, ಪುಲಿಗೆರೆ, ಕಿಸುಕಾಡು, ಬಾಗೆನಾಡಿನ ಜೊತೆ ಬೆಳ್ವೊಲ ಮುನ್ನೂರು. ತಮಿಳುನಾಡಿನಲ್ಲಿ ಗೆದ್ದ ಯುದ್ಧಕ್ಕೆ ಇನಾಮು ನಮ್ಮ ಯರಿ ಹೊಲ. ಆಗಿನವರಿಗೆ ಈ ಮಣ್ಣಿನ ಬೆಲೆ ಎಷ್ಟಿತ್ತು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಅದೇ ಬೂತುಗ ಅಣ್ಣಿಗೇರಿಯಲ್ಲಿ ಒಂದು ಬಸದಿ ಕಟ್ಟಿಸಿದ. ಗಂಗಪೆರ್ಮಾಡಿ ಬಸದಿ ಎಂದು ಅದರ ಹೆಸರು. ಮುಂದೆ ಚೋಳರ ದಾಳಿಯಲ್ಲಿ ಅದು ಸುಟ್ಟುಹೋಯಿತು, ಮತ್ತೆ ಜೀರ್ಣೋದ್ಧಾರ ಆಯಿತು. 1071-72ರ ಗಾವರವಾಡ ಶಾಸನ ಇದನ್ನೆಲ್ಲ ಹೇಳುತ್ತದೆ. ಅದಕ್ಕೂ ಮೂರು ಶತಮಾನ ಹಿಂದೆ, ಬಾದಾಮಿ ಚಾಲುಕ್ಯರ ಎರಡನೇ ಕೀರ್ತಿವರ್ಮನ ಕಾಲದಲ್ಲೇ, ಜೇಬುಳಗೇರಿಯ ಗಾವುಂಡ ಕಲಿಯಮ್ಮ ಇಲ್ಲಿ ಜೈನ ಚೇದಿಯ, ಅಂದರೆ ಜೈನ ಗುಡಿ, ಕಟ್ಟಿಸಿದ ಶಾಸನ ಇದೆ. ಗಾವುಂಡ ಅಂದರೆ ಊರ ಗೌಡ, ಹೊಲಮನೆಯ ಲೆಕ್ಕ ಬಲ್ಲವನು. ನಮ್ಮ ಊರಿನ ದಾಖಲೆಯಲ್ಲಿ ಸಿಗುವ ಹಳೆಯ ಹೆಸರುಗಳಲ್ಲಿ ಒಂದು ರಾಜನದಲ್ಲ, ಒಬ್ಬ ಗೌಡನದು. ಇದನ್ನು ನಾವು ಯಾವ ಕಮಾನಿನ ಮೇಲೂ ಬರೆದಿಲ್ಲ. 12ನೇ ಶತಮಾನದ ಕೊನೆಗೆ ಕಲ್ಯಾಣ ಚಾಲುಕ್ಯರ ಕಡೆಯ ಅರಸ ನಾಲ್ಕನೇ ಸೋಮೇಶ್ವರನೂ ರಾಜ್ಯ ಕೈಬಿಟ್ಟುಹೋಗುತ್ತಿದ್ದ ಹೊತ್ತಿನಲ್ಲಿ ಅಣ್ಣಿಗೇರಿಗೆ ಬಂದು ನಿಂತ. ಆಮೇಲೆ ಹೊಯ್ಸಳರು, ದೇವಗಿರಿಯ ಸೇವುಣರು ಇದೇ ಬಯಲಿಗಾಗಿ ಹೊಡೆದಾಡಿದರು. ಎಲ್ಲರಿಗೂ ಬೇಕಾಗಿದ್ದು ಇಲ್ಲಿನ ಕಾಳು.

ಪಂಪನ ವಿಷಯಕ್ಕೆ ಬರೋಣ. ಆದಿಕವಿ ನಮ್ಮೂರವನು ಅಂತ ಎದೆ ತಟ್ಟಿ ಹೇಳುತ್ತೇವೆ. ಒಳ್ಳೆಯದೇ. ಆದರೆ ಹೇಗೆ ಗೊತ್ತು ಅಂತ ಒಂದು ಮಗು ಕೇಳಿದರೆ ಎಷ್ಟು ಜನ ಹೇಳಬಲ್ಲೆವು? ಇವತ್ತಿನ ತೆಲಂಗಾಣದಲ್ಲಿ, ಕರೀಂನಗರದ ಕಡೆ, ಕುರ್ಕ್ಯಾಲ ಎಂಬಲ್ಲಿ ಬಂಡೆಯ ಮೇಲೆ ಪಂಪನ ತಮ್ಮ ಜಿನವಲ್ಲಭ ಬರೆಸಿದ ಶಾಸನ ಇದೆ. ಕನ್ನಡ, ತೆಲುಗು, ಸಂಸ್ಕೃತ ಮೂರೂ ಅದರಲ್ಲಿವೆ. ತಮ್ಮ ತಾಯಿ ಅಬ್ಬಣಬ್ಬೆ ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು ಅಂತ ಅಲ್ಲಿ ಹೇಳಿದ್ದಾನೆ. ತಂದೆಯ ಕಡೆಯವರು ವೆಂಗಿಯವರು. ಹಾಗಾಗಿ ಪಂಪನ ಮತ್ತು ನಮ್ಮೂರಿನ ನಂಟು ಗಟ್ಟಿಯಾಗಿ ನಿಂತಿರುವುದು ಒಬ್ಬ ತಾಯಿಯ ತವರಿನ ಮೇಲೆ. ನನಗೆ ಇದು ಬಹಳ ದೊಡ್ಡ ಮಾತು ಅನ್ನಿಸುತ್ತದೆ. ಅಬ್ಬಣಬ್ಬೆಯ ಹೆಸರನ್ನು ನಮ್ಮೂರಿನ ಎಷ್ಟು ಹೆಣ್ಣುಮಕ್ಕಳು ಕೇಳಿದ್ದಾರೆ? ದೂರದ ಗುಡ್ಡದಲ್ಲಿ ಮಗ ಬಂಡೆಗೆ ಬರೆಸಿ ಉಳಿಸಿದ ಹೆಸರನ್ನು ತವರಿನವರು ನಾವು ಮರೆತಿದ್ದೇವೆ.

ಇನ್ನು ಭೂಗೋಳ. ಪಶ್ಚಿಮಕ್ಕೆ ಹುಬ್ಬಳ್ಳಿ, ಪೂರ್ವಕ್ಕೆ ಗದಗ, ಉತ್ತರಕ್ಕೆ ನವಲಗುಂದ, ದಕ್ಷಿಣಕ್ಕೆ ಲಕ್ಷ್ಮೇಶ್ವರ. ರೈಲು ಹಳಿಯೂ ಇದೆ, ರಾಷ್ಟ್ರೀಯ ಹೆದ್ದಾರಿ 67 ಕೂಡ ಇದೆ. ಇಷ್ಟು ನಕಾಶೆಯಲ್ಲಿ ಸಿಗುತ್ತದೆ. ನಕಾಶೆಯಲ್ಲಿ ಸಿಗದೇ ಇರುವುದು ನಮ್ಮ ಮಣ್ಣಿನ ಗುಣ. ಏಪ್ರಿಲ್ ತಿಂಗಳಲ್ಲಿ ಹೊಲಕ್ಕೆ ಹೋಗಿ ನೋಡಿ. ನೆಲ ಬಾಯಿ ಬಿಟ್ಟಿರುತ್ತದೆ. ಮೊನ್ನೆ ನಾನು ಕೈ ಇಳಿಸಿದರೆ ಮೊಳಕೈವರೆಗೂ ಹೋಯಿತು, ಒಳಗೆ ಇನ್ನೂ ತಂಪಿತ್ತು. ಇದೇ ನೆಲ ಮಳೆಗಾಲದಲ್ಲಿ ನೀರು ಕುಡಿದು ಉಬ್ಬಿ ಬಿರುಕೆಲ್ಲ ತಾನೇ ಮುಚ್ಚಿಕೊಳ್ಳುತ್ತದೆ. ಕುಡಿದ ನೀರನ್ನು ಬೇಗ ಬಿಡುವುದಿಲ್ಲ. ಅದಕ್ಕೇ ನಮ್ಮ ಹಿಂಗಾರಿ. ಮಳೆ ಹಿಂದೆ ಸರಿಯುವ ಹೊತ್ತಿಗೆ ಬಿತ್ತಿದ ಬಿಳಿಜೋಳ, ಕಡಲೆ, ಕುಸುಬಿ ಆಮೇಲೆ ಒಂದು ಹನಿ ಬೀಳದಿದ್ದರೂ ನೆಲದ ಹಸಿ ಮೇಲೆ, ಚಳಿಗಾಲದ ಇಬ್ಬನಿ ಮೇಲೆ ಬೆಳೆದು ನಿಲ್ಲುತ್ತವೆ. ಕಾಲುವೆ, ಬೋರು ಇಲ್ಲದ ಕಾಲದಲ್ಲಿ ಈ ಸೀಮೆ ರಾಜರ ಕಣಜ ಆಗಿದ್ದರ ಗುಟ್ಟು ಇದು. ಕೃಷಿ ಇಲಾಖೆ ಲೆಕ್ಕದಲ್ಲಿ ನಮ್ಮದು ಉತ್ತರ ಒಣ ವಲಯ. ಒಣ ವಲಯದಲ್ಲಿ ಒಂದು ರಾಜಧಾನಿಯನ್ನು ಸಾಕಿದ ಮಣ್ಣು ಅದು.

ಕಣಜ ಅಂದೆನಲ್ಲ, ನೆಲದಡಿ ಕಾಳು ತುಂಬಿಡುತ್ತಿದ್ದ ಹಗೇವು ನೆನಪಾಯಿತು. ನಲವತ್ತು ದಾಟಿದವರಿಗೆ ನೆನಪಿರಬಹುದು. ನಮ್ಮ ಮನೆ ಮುಂದೆಯೇ ಒಂದು ಹಗೇವು ಇತ್ತು. ಬಾಯಿ ಸಣ್ಣದು, ಒಬ್ಬ ಮನುಷ್ಯ ಇಳಿಯುವಷ್ಟು. ಒಳಗೆ ಗಡಿಗೆಯ ಹಾಗೆ ಹೊಟ್ಟೆ ಅಗಲ. ಸುತ್ತ ಹುಲ್ಲು ಕಟ್ಟಿ, ನಡುವೆ ಜೋಳ ತುಂಬಿ, ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ತೆಗೆಯುವ ದಿನ ಓಣಿಯ ಹುಡುಗರೆಲ್ಲ ಸೇರುತ್ತಿದ್ದೆವು. ಕಲ್ಲು ಸರಿಸಿದ ಕೂಡಲೇ ಬಿಸಿ ಉಸಿರು ಬಿಟ್ಟ ಹಾಗೆ ಒಂದು ಗಾಳಿ ಮೇಲೆ ಬರುತ್ತಿತ್ತು. ಹಿರಿಯರು ನಮ್ಮನ್ನು ಹಿಂದಕ್ಕೆ ತಳ್ಳುತ್ತಿದ್ದರು. ತಕ್ಷಣ ಯಾರೂ ಇಳಿಯುವ ಹಾಗಿಲ್ಲ. ಒಳಗಿನ ಗಾಳಿ ಪ್ರಾಣ ತೆಗೆಯುತ್ತದೆ. ಹೊತ್ತು ಬಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುತ್ತಿದ್ದರು. ದೀಪ ಆರಿದರೆ ಇನ್ನೂ ಕಾಯಬೇಕು. ಉರಿದರೆ ಇಳಿಯಬಹುದು. ನಮ್ಮಪ್ಪ ಇಳಿದು ಮೊದಲ ಬುಟ್ಟಿ ಮೇಲೆ ಕಳಿಸಿದಾಗ ಆ ಜೋಳಕ್ಕೆ ಬರುತ್ತಿದ್ದ ವಾಸನೆ ಇವತ್ತಿಗೂ ನನ್ನ ಮೂಗಿನಲ್ಲಿದೆ. ಆ ಹಗೇವಿನ ಮೇಲೆ ಈಗ ಕಾಂಕ್ರೀಟ್ ರಸ್ತೆ ಇದೆ. ರಸ್ತೆ ಬೇಡ ಅಂತಲ್ಲ. ಆದರೆ ಅಲ್ಲಿ ಹಗೇವು ಇತ್ತು ಅನ್ನುವುದನ್ನು ಯಾರೂ ಒಂದು ಸಾಲು ಬರೆದಿಡಲಿಲ್ಲ. ನಾನೂ ಬರೆದಿಡಲಿಲ್ಲ.

ಈ ಮಣ್ಣಿಗೆ ಕೆಟ್ಟ ಗುಣವೂ ಇದೆ, ಅದನ್ನೂ ಹೇಳಬೇಕು. ನೆಲದಡಿಯ ನೀರು ಬಹಳ ಕಡೆ ಸವುಳು. ಬೋರು ಹೊಡೆದರೂ ಬಾಯಿಗೆ ಹಾಕಲು ಆಗುವುದಿಲ್ಲ. ಅದಕ್ಕೇ ಹಿಂದಿನವರು ಮಳೆ ನೀರು ಹಿಡಿಯುವ ಕೆರೆ ಕಟ್ಟಿದರು, ಊರಿಗೂ ಅದೇ ಹೆಸರಾಯಿತು. ಇನ್ನು ನಮ್ಮ ಹಳ್ಳಗಳು. ಈ ಸೀಮೆಯ ನೀರೆಲ್ಲ ಬೆಣ್ಣಿಹಳ್ಳದ ಕಡೆ ಹರಿದು ಮಲಪ್ರಭೆ ಸೇರುತ್ತದೆ. ಬೇಸಿಗೆಯಲ್ಲಿ ನೋಡಿದರೆ ಇದು ಹಳ್ಳವಾ ಅನ್ನಿಸುತ್ತದೆ. ಜಾಸ್ತಿ ಮಳೆಯಾದರೆ ಅದೇ ಹಳ್ಳ ಹೊಲಕ್ಕೆ ಹೊಲವನ್ನೇ ನುಂಗುತ್ತದೆ. 2009ರಲ್ಲಿ, ಮತ್ತೆ 2019ರಲ್ಲಿ ಈ ಭಾಗ ಕಂಡದ್ದನ್ನು ಯಾರು ಮರೆಯುತ್ತಾರೆ? ನೆಲ ಚಪ್ಪಟೆ, ಮಣ್ಣು ನೀರು ಬೇಗ ಇಂಗಿಸುವುದಿಲ್ಲ. ನೀರು ನಿಂತರೆ ದಿನಗಟ್ಟಲೆ ನಿಂತೇಬಿಡುತ್ತದೆ. ಹಾಗಾಗಿ ನಮ್ಮೂರಲ್ಲಿ ಒಂದು ಸಣ್ಣ ಹಳ್ಳದ ಜಾಡು ಕೂಡ ಸುಮ್ನೆ ಇರುವುದಲ್ಲ. ಅದಕ್ಕೊಂದು ಕೆಲಸ ಇದೆ.

ಈಗ ಊರು ಬೆಳೆಯುತ್ತಿದೆ. 2001ರ ಜನಗಣತಿಯಲ್ಲಿ 25 ಸಾವಿರ ಚಿಲ್ಲರೆ ಇದ್ದೆವು. ಬಹುಕಾಲ ನವಲಗುಂದ ತಾಲ್ಲೂಕಿನ ಒಂದು ಊರಾಗಿದ್ದವರು, 2017ರಲ್ಲಿ ಸರ್ಕಾರ 49 ಹೊಸ ತಾಲ್ಲೂಕು ಘೋಷಿಸಿದಾಗ ನಾವೇ ಒಂದು ತಾಲ್ಲೂಕಾದೆವು. ಕಚೇರಿಗಳು ಬರುತ್ತವೆ, ಮನೆಗಳು ಬರುತ್ತವೆ, ಹೊಲಗಳು ಸೈಟು ಆಗುತ್ತವೆ. ಬರಲಿ. ಆದರೆ ಎಲ್ಲಿ ಕಟ್ಟಬೇಕು, ಎಲ್ಲಿ ಕಟ್ಟಬಾರದು ಅನ್ನುವುದು ಈ ನೆಲದ ಓಟ ಬಲ್ಲವರಿಗೆ ಗೊತ್ತು. ಯಾವ ಹೊಲದಲ್ಲಿ ನೀರು ನಿಲ್ಲುತ್ತದೆ, ಯಾವ ಬದುವಿನ ಪಕ್ಕ ಹಳೆಯ ಹಳ್ಳ ಹರಿಯುತ್ತಿತ್ತು, ಯಾವ ಕಡೆ ಮಣ್ಣು ಗೋಡೆಯನ್ನು ಸೀಳುತ್ತದೆ, ಇದನ್ನೆಲ್ಲ ಎಂಬತ್ತು ದಾಟಿದ ಅಜ್ಜಂದಿರು ಕಣ್ಣು ಮುಚ್ಚಿ ಹೇಳುತ್ತಾರೆ. ಯರಿ ನೆಲದ ಮೇಲೆ ಮನೆ ಕಟ್ಟಿದವರಿಗೆ ಗೊತ್ತು, ಬುನಾದಿ ಸರಿ ಇಲ್ಲದಿದ್ದರೆ ಎರಡೇ ಬೇಸಿಗೆಗೆ ಗೋಡೆ ಬಿರುಕು ಬಿಡುತ್ತದೆ. ಆ ಅಜ್ಜಂದಿರು ವರ್ಷಕ್ಕೊಬ್ಬೊಬ್ಬರು ಹೋಗುತ್ತಿದ್ದಾರೆ. ಹೋದವರ ಜೊತೆ ಹೊಲದ ಹೆಸರುಗಳೂ ಹೋಗುತ್ತಿವೆ. ನಮ್ಮ ಮನೆತನದ ಹೊಲಕ್ಕೆ ಹುಣಸಿಗಿಡದ ಹೊಲ ಅಂತ ಹೆಸರು. ಪಹಣಿಯಲ್ಲಿ ಸರ್ವೆ ನಂಬರು ಮಾತ್ರ ಇದೆ. ನನ್ನ ಮಗನಿಗೆ ನಂಬರು ಗೊತ್ತು.

ಇನ್ನೊಂದು ವಿಷಯ ಬರೆಯಲು ಕೈ ನಡುಗುತ್ತದೆ. 2010ರಲ್ಲಿ ನಮ್ಮೂರಲ್ಲಿ ಕಾಲುವೆ ತೋಡುವಾಗ ನೂರಾರು ತಲೆಬುರುಡೆಗಳು ಸಿಕ್ಕವು. ನೋಡಲು ಜಾತ್ರೆಯ ಹಾಗೆ ಜನ ಬಂದರು. ಟಿವಿಯವರು ಬಂದರು. ಯುದ್ಧದಲ್ಲಿ ಸತ್ತವರದು ಅಂದರು ಕೆಲವರು, ಬರದಲ್ಲಿ ಸತ್ತವರದು ಅಂದರು ಕೆಲವರು. ಬೇರೆ ಬೇರೆ ಪರೀಕ್ಷೆಗಳು ಬೇರೆ ಬೇರೆ ಕಾಲ ಹೇಳಿದವು. ಆಮೇಲೆ ಎಲ್ಲರೂ ಸುಮ್ಮನಾದರು. ದಖ್ಖನದಲ್ಲಿ 1791-92ರಲ್ಲಿ ಘೋರ ಬರ ಬಿದ್ದಿತ್ತು. ಸತ್ತವರನ್ನು ಸುಡುವವರು, ಹೂಳುವವರು ಇಲ್ಲದೆ ಬಯಲಲ್ಲೆಲ್ಲ ಬುರುಡೆಗಳು ಬಿದ್ದಿದ್ದವು, ಅದಕ್ಕೇ ಅದು ತಲೆಬುರುಡೆಯ ಬರ ಅಂತ ಹೆಸರಾಯಿತು. ನಮ್ಮಲ್ಲಿ ಸಿಕ್ಕವರು ಆ ಬರದವರೋ, ಇನ್ನೂ ಹಿಂದಿನ ಯಾವುದೋ ಕೇಡಿನವರೋ, ಅವರು ನಮ್ಮ ನೆಲದಲ್ಲಿ ಮಲಗಿದ್ದವರು. ನೋಡಲು ಹೋದ ದಿನ ಒಂದು ಸಣ್ಣ ಬುರುಡೆ ಕಂಡೆ. ಹಲ್ಲು ಸಾಲಾಗಿ ಹಾಗೇ ಇದ್ದವು. ಆವತ್ತು ಊಟ ಸೇರಲಿಲ್ಲ. ಅವರ ಹೆಸರಲ್ಲಿ ಒಂದು ಕಲ್ಲು ನಿಲ್ಲಿಸೋಣ ಅಂತ ಇಷ್ಟು ವರ್ಷ ನಮ್ಮಲ್ಲಿ ಯಾರಿಗಾದರೂ ಅನ್ನಿಸಿದ್ದರೂ ಅವರು ಗಟ್ಟಿಯಾಗಿ ಹೇಳಲಿಲ್ಲ. ನಾಯಿಯೊಂದಕ್ಕೆ ಕಲ್ಲು ನೆಟ್ಟು ಪೂಜೆಗೆ ಭೂಮಿ ಬಿಟ್ಟ ನಾಡು ನಮ್ಮದು.

ಹತ್ತಿರದ ಇತಿಹಾಸವೂ ಹೀಗೇ ಜಾರುತ್ತಿದೆ. ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿದರು. ಕಾಲುವೆಯ ಕೊನೆಯವರೆಗೂ ನೀರು ಸರಿಯಾಗಿ ಬರಲಿಲ್ಲ, ಅಭಿವೃದ್ಧಿ ಕರ ಮಾತ್ರ ಬಂತು. 1980ರ ಜುಲೈ 21ರಂದು ನವಲಗುಂದ, ನರಗುಂದದಲ್ಲಿ ರೈತರು ಎದ್ದರು, ಗೋಲಿಬಾರ್ ಆಯಿತು, ಜೀವ ಹೋದವು. ಇಡೀ ರಾಜ್ಯದ ರೈತ ಚಳವಳಿಗೆ ಕಿಡಿ ಹೊತ್ತಿದ್ದು ಆಗ. ಆವತ್ತು ನಮ್ಮ ತಾಲ್ಲೂಕು ನವಲಗುಂದವೇ. ನಮ್ಮೂರಿನಿಂದ ಬಂಡಿ ಕಟ್ಟಿಕೊಂಡು ಹೋದವರು ಇನ್ನೂ ಕೆಲವರು ಇದ್ದಾರೆ. ಅವರ ಮಾತನ್ನು ಯಾರು ಬರೆದುಕೊಂಡಿದ್ದಾರೆ? ಮಹದಾಯಿ ನೀರನ್ನು ಮಲಪ್ರಭೆಗೆ ತಿರುಗಿಸುವ ಕಳಸಾ-ಬಂಡೂರಿ ಯೋಜನೆಗೆ ಧರಣಿ ಕೂತವರು ನಾವು. 2018ರಲ್ಲಿ ಮಹದಾಯಿ ನ್ಯಾಯಮಂಡಳಿ ಮಲಪ್ರಭೆಗೆ 3.9 ಟಿಎಂಸಿ ನೀರು ತಿರುಗಿಸಲು ಒಪ್ಪಿದ ದಿನ ಓಣಿ ಓಣಿಯಲ್ಲೂ ಅದೇ ಮಾತಿತ್ತು. ನೀರಿಗಾಗಿ ಇನ್ನೂ ಕಾಯುತ್ತಿರುವ ಊರು ತನ್ನ ನೀರಿನ ಕಥೆಯನ್ನೇ ಬರೆದಿಟ್ಟುಕೊಂಡಿಲ್ಲ ಅಂದರೆ ನಾಳೆ ಕೇಳುವಾಗ ಯಾವ ಕಾಗದ ಮುಂದಿಡುತ್ತೇವೆ?

ನಮ್ಮೂರಿನ ಮೇಲೆ ಪಂಡಿತರು ಬರೆದಿಲ್ಲ ಅಂತ ನಾನು ಹೇಳುತ್ತಿಲ್ಲ. 1884ರಲ್ಲೇ ಮುಂಬೈ ಪ್ರಾಂತ್ಯದ ಸರ್ಕಾರ ಧಾರವಾಡ ಜಿಲ್ಲೆಯ ಗೆಜೆಟಿಯರ್ ಅಚ್ಚು ಹಾಕಿಸಿತು, ಅದರಲ್ಲಿ ನಮ್ಮೂರು ಇದೆ. ಶಾಸನಗಳು ಅಚ್ಚಾಗಿವೆ. ಭೂವಿಜ್ಞಾನದವರು ನಮ್ಮ ಜಿಲ್ಲೆಯ ಹೆಸರನ್ನೇ ಬಹಳ ಪ್ರಾಚೀನ ಶಿಲೆಗಳಿಗೆ ಇಟ್ಟಿದ್ದಾರೆ, ದೇಶ ವಿದೇಶದವರು ಧಾರವಾಡ ಶಿಲೆ ಅಂತ ಓದುತ್ತಾರೆ. ಎಲ್ಲ ಇದೆ. ಇರುವುದು ಕಪಾಟಿನಲ್ಲಿ, ಹೆಚ್ಚಿನದು ಇಂಗ್ಲಿಷಿನಲ್ಲಿ. ಯರಿ ಹೊಲದಲ್ಲಿ ಕಳೆ ತೆಗೆಯುವ ತಾಯಿಯ ಮಗಳ ಕೈಗೆ, ಅವಳ ಕನ್ನಡದಲ್ಲಿ ಬರುವ ಒಂದು ತೆಳು ಪುಸ್ತಕ ಬೇಕು.

ಹಾಗಾಗಿ ನನ್ನ ಬೇಡಿಕೆ ಇಷ್ಟು. ಊರ ಪುಸ್ತಕ ಅಂತ ಒಂದನ್ನು ನಾವೇ ಮಾಡೋಣ. ಶಾಲೆಯ ಮಾಸ್ತರರೇ, ಅಕ್ಕೋರುಗಳೇ, ಇದು ನಿಮ್ಮಿಂದಲೇ ಆಗಬೇಕು. ಏಳು, ಎಂಟು, ಒಂಬತ್ತನೇ ಇಯತ್ತೆಯ ಮಕ್ಕಳನ್ನು ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು, ಅಂದರೆ ಹೊಲಕ್ಕೆ ಎಡೆ ಹಾಕಲು, ಹೋದಾಗ ಒಂದು ವಹಿ ಹಿಡಿದುಕೊಂಡು ಹೋಗಲು ಹೇಳಿ. ಆವತ್ತು ಇಡೀ ಮನೆತನ ಹೊಲದಲ್ಲಿರುತ್ತದೆ. ಹೊಲದ ಹೆಸರು, ಬದುವಿನಲ್ಲಿರುವ ಗಿಡ, ಯರಿಯೋ ಕೆಂಪು ಮಸಾರಿಯೋ ಸವುಳೋ, ನೀರು ಯಾವ ಕಡೆ ಹರಿಯುತ್ತದೆ, ಅಜ್ಜನ ಕಾಲದಲ್ಲಿ ಏನು ಬಿತ್ತುತ್ತಿದ್ದರು, ಈಗ ಏನು. ಒಂದೇ ದಿನದಲ್ಲಿ ಊರಿನ ಅರ್ಧ ಭೂಗೋಳ ಕಾಗದಕ್ಕೆ ಇಳಿಯುತ್ತದೆ. ಇದಕ್ಕೆ ಕಾನೂನಿನ ಆಸರೆಯೂ ಇದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಒಂದು ಸಮಿತಿ ಇರಬೇಕು, ಆ ಊರಿನ ಬೀಜ, ಗಿಡ, ಜಾನುವಾರು, ಜನರ ತಿಳಿವಳಿಕೆ ಎಲ್ಲ ದಾಖಲಾಗಬೇಕು. ಆ ದಾಖಲೆಯನ್ನು ಮಕ್ಕಳ ವಹಿಯಿಂದಲೇ ತುಂಬಿಸಬಹುದು.

ಊರಿನ ಹೊಣೆ ಹೊತ್ತವರಲ್ಲಿ ಒಂದು ಕೋರಿಕೆ. ಹೊಸ ಬಡಾವಣೆಗೆ ಒಪ್ಪಿಗೆ ಕೊಡುವ ಮುಂಚೆ ಹಳೆಯ ಕೆರೆ, ಹಳ್ಳ, ಕಾಲುದಾರಿಗಳ ಒಂದು ನಕಾಶೆಯನ್ನು ಹಿರಿಯರನ್ನು ಕೂರಿಸಿಕೊಂಡು ಮಾಡಿಸಿ. ದೊಡ್ಡ ಖರ್ಚಿನ ಕೆಲಸ ಅಲ್ಲ. ಗ್ರಾಮ ನಕಾಶೆಯ ಒಂದು ದೊಡ್ಡ ಪ್ರತಿ, ನಾಲ್ಕು ಬಣ್ಣದ ಪೆನ್ಸಿಲ್, ನಾಲ್ಕು ಜನ ಅಜ್ಜಂದಿರು, ಎರಡು ದಿನ ಸಾಕು. ಅದನ್ನು ಎಲ್ಲರಿಗೂ ಕಾಣುವ ಗೋಡೆಗೆ ಹಾಕಿ. ಪುರಸಭೆಯ ಊರು ಅಂದ ಮಾತ್ರಕ್ಕೆ ನಾವು ಪಟ್ಟಣದವರಾಗಿಬಿಟ್ಟಿಲ್ಲ ಅನ್ನುವುದನ್ನೂ ನೆನಪಿಡಿ. ಬೆಳಗ್ಗೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುವವರೇ ಇಲ್ಲಿ ಜಾಸ್ತಿ. ಪಕ್ಕದ ಹಳ್ಳಿಯವರಿಗೆ ಸಿಕ್ಕ ಉದ್ಯೋಗ ಖಾತ್ರಿ ಕೆಲಸ ಪಟ್ಟಣದ ಗಡಿಯೊಳಗೆ ಅಂತ ನಮ್ಮ ಕೂಲಿಯವರಿಗೆ ಸಿಗದೇ ಹೋಯಿತು. ನಮ್ಮದು ಯಾವ ಥರದ ಊರು ಅಂತ ಬರೆದು ತೋರಿಸಿದರೆ ಇಂಥ ಮಾತನ್ನೂ ಮೇಲಿನವರ ಮುಂದೆ ಗಟ್ಟಿಯಾಗಿ ಇಡಬಹುದು.

ಗುಡಿಯ ಅಕ್ಕಪಕ್ಕ ಮನೆ ಇರುವವರ ಕಷ್ಟವನ್ನೂ ನಾನು ಬಲ್ಲೆ. ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ. ಮಗನ ಮದುವೆಗೆ ಒಂದು ಕೋಣೆ ಎತ್ತಬೇಕು ಅನ್ನುವವರಿಗೆ ಇತಿಹಾಸ ಅಂದರೆ ಬೇಸರ ಬಂದರೆ ತಪ್ಪಿಲ್ಲ. ಆದರೆ ಆ ಗುಡಿಯಿಂದ ಅವರಿಗೂ ಏನಾದರೂ ಸಿಗಬೇಕು. ದೂರದಿಂದ ಬಂದವರಿಗೆ ಗುಡಿ ತೋರಿಸಿ ಕಥೆ ಹೇಳುವ ಹುಡುಗ ಹುಡುಗಿಯರು ಅದೇ ಓಣಿಯಿಂದ ತಯಾರಾಗಲಿ. ಶಾಸನಗಳ ಪಕ್ಕ ಅದರ ಸಾಲುಗಳು ಈಗಿನ ಕನ್ನಡದಲ್ಲಿ ಒಂದು ಫಲಕದ ಮೇಲೆ ಇರಲಿ. ಅದಕ್ಕೆ ಅನುಮತಿ ಬೇಕು, ಎಲ್ಲರೂ ಸಹಿ ಹಾಕಿ ಕೇಳೋಣ. ಫಲಕದಲ್ಲಿ ಕಲ್ಲು ಎಲ್ಲಿಂದ ಬಂತು ಅಂತಲೂ ಇರಲಿ.

ತಲೆಬುರುಡೆಗಳ ಬಗ್ಗೆ ನಡೆದ ಎಲ್ಲ ಪರೀಕ್ಷೆಗಳ ವರದಿ ಕನ್ನಡದಲ್ಲಿ ಊರಿನವರ ಕೈಗೆ ಬರಬೇಕು ಅಂತ ಸರ್ಕಾರವನ್ನು ಕೇಳೋಣ. ಸಿಕ್ಕ ಜಾಗದ ಹತ್ತಿರ ಒಂದು ಕಲ್ಲು ನಿಲ್ಲಿಸೋಣ. ಹೆಸರು ಗೊತ್ತಿಲ್ಲದಿದ್ದರೆ ಏನಾಯಿತು, ಈ ನೆಲದವರು ಅಂತ ಬರೆಸೋಣ.

ಮನೆಯಲ್ಲಿ ಹಳೆಯ ಕೈಬರಹದ ಪಹಣಿ, ಗಡಿ ಕಲ್ಲಿನ ಕಾಗದ, ಹತ್ತಿ ಅಡತಿ ಅಂಗಡಿಯ ಲೆಕ್ಕದ ಪುಸ್ತಕ, ಮದುವೆಯ ಫೋಟೋ, 1980ರ ಕರಪತ್ರ ಏನಿದ್ದರೂ ಎಸೆಯಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಫೋನಿನಲ್ಲಿ ಒಂದು ಫೋಟೋ ಹೊಡೆದುಕೊಂಡು ಕಾಗದವನ್ನು ನೀವೇ ಇಟ್ಟುಕೊಳ್ಳಿ. ಅಜ್ಜಿಯಂದಿರು ಬೀಸುವಾಗ ಹಾಡುತ್ತಿದ್ದ ಬರದ ಹಾಡುಗಳಿದ್ದರೆ ರೆಕಾರ್ಡ್ ಮಾಡಿ. ನಮ್ಮ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಈ ಮಣ್ಣಲ್ಲಿ ಬೆಳೆದ ಕಾಯಿಯ ಬಣ್ಣ ಬೇರೆ ಕಡೆ ಬರುವುದಿಲ್ಲ ಅಂತ ಕಾಗದದ ಮೇಲೆ ಬರೆದು ತೋರಿಸಿದ್ದಕ್ಕೇ ಸಿಕ್ಕಿದ್ದು ಅದು.

ನಾನು ನನ್ನ ಪಾಲಿನ ಕೆಲಸ ಶುರು ಮಾಡಿದ್ದೇನೆ. ನಮ್ಮ ಓಣಿಯಲ್ಲಿ ಎಷ್ಟು ಹಗೇವು ಇದ್ದವು, ಎಲ್ಲೆಲ್ಲಿ ಇದ್ದವು ಅಂತ ಹಿರಿಯರನ್ನು ಕೇಳಿ ಒಂದು ವಹಿಯಲ್ಲಿ ಗುರುತು ಹಾಕುತ್ತಿದ್ದೇನೆ. ಮೊಮ್ಮಗ ಜೊತೆಗೆ ಬರುತ್ತಾನೆ, ಹೆಜ್ಜೆ ಎಣಿಸುವುದು ಅವನ ಕೆಲಸ. ಇವತ್ತಿಗೆ ಹನ್ನೊಂದು ಸಿಕ್ಕಿವೆ. ನಿಮ್ಮ ಓಣಿಯ ಲೆಕ್ಕ ನಿಮ್ಮ ಹತ್ತಿರ ಇದ್ದರೆ ಸೋಮವಾರ ಸಂಜೆ ಅಮೃತೇಶ್ವರ ಗುಡಿಯ ಮಂಟಪಕ್ಕೆ ಬನ್ನಿ, ನಾವಿಬ್ಬರೂ ಅಲ್ಲೇ ಇರುತ್ತೇವೆ.

ಇಂತಿ,
ನಿಮ್ಮೂರಿನ ಒಬ್ಬ ನಿವೃತ್ತ ಮಾಸ್ತರ